ಕಲಾಸಂಸ್ಥೆ ನಡೆಸೋದನ್ನ ಪಾಠ ಮಾಡಬೇಕಂತೆ. ಏನು ಹೇಳಿಕೊಡಲಿ? ಇದರಲ್ಲಿ ನೌಕರಿ ಇದೆಯಾ?

ಲೆಡ್ಜರ್ ಮೇಷ್ಟ್ರು:

ನಮಸ್ಕಾರ. ಸಾಗರದ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ ನಾನು. ನಮ್ಮೂರ ಹವ್ಯಾಸಿ ನಾಟಕ ತಂಡಕ್ಕೆ ಒಂಬತ್ತು ವರ್ಷದಿಂದ ಲೆಕ್ಕ ಬರೀತಾ ಇದೀನಿ. ನಟನೆ ಬರೋದಿಲ್ಲ. ಒಂದ್ಸಲ ದ್ವಾರಪಾಲಕ ಆಗಿದ್ದೆ, ಈಟಿ ಬೀಳಿಸಿದೆ. ಅವತ್ತಿಂದ ರಸೀದಿ ಪುಸ್ತಕವೇ ನನ್ನ ಪಾತ್ರ.

ಈಗ ವಿಷಯಕ್ಕೆ ಬರ್ತೀನಿ. ಪ್ರಿನ್ಸಿಪಾಲರಿಗೆ ನಾನು ತಂಡದ ಲೆಕ್ಕ ನೋಡ್ತೀನಿ ಅಂತ ಯಾರೋ ಹೇಳಿದಾರೆ. 'ಕಲಾಸಂಸ್ಥೆಗಳ ನಿರ್ವಹಣೆ' ಅಂತ 30 ಗಂಟೆಯ ಸರ್ಟಿಫಿಕೇಟ್ ಕೋರ್ಸ್ ನೀವೇ ಮಾಡಿ ಅಂದ್ರು. ಹೂಂ ಅಂದೆ. 22 ಮಕ್ಕಳು ಹೆಸರು ಕೊಟ್ಟಿದಾರೆ. ಮೂರು ಜನ ಯಕ್ಷಗಾನದ ಮನೆಯವರು, ಒಬ್ಬಳು ಭರತನಾಟ್ಯ ಕಲಿತವಳು, ಉಳಿದವರಿಗೆ ಶನಿವಾರ ಬೇರೆ ಕೆಲಸ ಇಲ್ಲ.

ಪುಸ್ತಕ ಹುಡುಕಿದೆ. ಸಿಕ್ಕಿದ್ದೆಲ್ಲ ಅಮೆರಿಕದವು. ಸೀಸನ್ ಪೂರ್ತಿ ಟಿಕೆಟ್ ಮುಂಗಡ ಕೊಂಡಿಡೋ ಪ್ರೇಕ್ಷಕರು, ಕೋಟಿಗಟ್ಟಲೆ ಶಾಶ್ವತ ನಿಧಿ, ಮಾರ್ಕೆಟಿಂಗಿಗೇ ಬೇರೆ ವಿಭಾಗ. ನಮ್ಮ ತಂಡದ ಶಾಶ್ವತ ನಿಧಿ ಅಂದ್ರೆ ಸೊಸೈಟಿ ಬ್ಯಾಂಕಿನಲ್ಲಿರೋ 11,400 ರೂಪಾಯಿ. ಮಾರ್ಕೆಟಿಂಗ್ ವಿಭಾಗ ಅಂದ್ರೆ ಆಟೋಗೆ ಕಟ್ಟಿದ ಮೈಕು.

ಹಾಗಂತ ಇಲ್ಲಿ ಪಾಠ ಇಲ್ಲ ಅಂತಲ್ಲ. ಹೆಗ್ಗೋಡು ನಮಗೆ ಕೂಗಳತೆ. ಅಲ್ಲಿನ ರಂಗಸಂಸ್ಥೆ ನೀನಾಸಂ 1949ರದ್ದು, ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯ್ತು, ಅವರ ಸಂಚಾರಿ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಾ ಇದೆ. ಹಳ್ಳಿಯಲ್ಲಿ ಕೂತು ಇಷ್ಟು ದಶಕ ಒಂದು ಸಂಸ್ಥೆ ನಡೆಸೋದು ಯಾವ ಎಂಬಿಎಗೂ ಕಡಿಮೆ ಪಾಠವಲ್ಲ. ಆದ್ರೆ ಅದನ್ನ 30 ಗಂಟೆಗೆ ಹೇಗೆ ಇಳಿಸೋದು, ಗೊತ್ತಾಗ್ತಿಲ್ಲ.

ಇನ್ನೊಂದು ಇದೆ. ಮೊನ್ನೆ ಒಬ್ಬ ಹುಡುಗಿಯ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮೇಷ್ಟ್ರೇ, ಇದರಿಂದ ನನ್ನ ಮಗಳಿಗೆ ಕೆಲಸ ಸಿಗ್ತದಾ?" ಅಂತ ಕೇಳಿದ್ರು. ಬಸ್ಸು ಬಂತು, ಬಚಾವಾದೆ. ಮುಂದಿನ ಸಲ ಬಸ್ಸು ಬರದೇ ಇರಬಹುದು.

ಈ ಕೆಲಸ ಮಾಡಿದವರು, ಮಾಡ್ತಾ ಇರೋರು ಯಾರಾದ್ರೂ ಇದ್ರೆ ಹೇಳಿ. ಮೊದಲನೇ ಕ್ಲಾಸಿನಲ್ಲಿ ಏನು ಮಾಡಲಿ? ನಿಜವಾಗಿ ಎಂಥ ಕೆಲಸಗಳಿವೆ?


ಬನಶಂಕರಿ ಜಾತ್ರಿ:

ಸರ, ನಿಮ್ಮ ಪ್ರಶ್ನಿ ಓದಿ ನಗು ಬಂತು, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ನಾಟಕ ಕಂಪನಿಗೆ ಮ್ಯಾನೇಜರ್ ಇಲ್ಲ ಅಂದ್ರ ಪರದೆನ ಏಳೂದಿಲ್ಲ. ಬನಶಂಕರಿ ಜಾತ್ರಿಯೊಳಗ ಕಂಪನಿ ಕ್ಯಾಂಪ್ ಹಾಕಿದಾಗ ನಮ್ಮ ಕಾಕಾ ಗಲ್ಲಾದಾಗ ಕೂಡ್ತಿದ್ದ. ಜಾಗಾ ಹಿಡಿಯೂದು, ಲೈಸನ್ಸು, ಕರೆಂಟು, ಕಲಾವಿದರ ಮುಂಗಡ, ಯಾರು ಇನ್ನೊಂದು ಕಂಪನಿಗೆ ಹಾರ್ತಾರ ಅನ್ನೂ ಸುದ್ದಿ, ಎಲ್ಲಾ ಅವನ ತಲಿಯೊಳಗ. ರಾತ್ರಿ ಎರಡನೇ ಶೋ ಬಿಟ್ಟ ಮ್ಯಾಲೆ ಕಲೆಕ್ಷನ್ ಎಣಿಸಿ, ಹೀರೋಯಿನ್ ಪಗಾರ ಮೊದಲು, ತನ್ನ ಪಗಾರ ಎರಡನೇದು, ಮಾಲಕಂದು ಕಡೀಕ. ತನ್ನ ಪಗಾರ ಬಿಟ್ಟು ಎಣಿಸಿದ್ದು ನಾ ಒಂದಿನಾನೂ ನೋಡಿಲ್ಲ.

ಲಾಭಕ್ಕ ನಡಸೂ ನಾಟಕದಾಗ ಮ್ಯಾನೇಜರ್ ಇದ್ದ. ಲಾಭ ಬ್ಯಾಡ ಅಂದವರು ಮ್ಯಾನೇಜರನ್ನೂ ಬ್ಯಾಡ ಅಂದ್ರು. ನಿಮ್ಮ ಹುಡುಗರಿಗೆ ಇದನ್ನ ಮೊದಲು ಹೇಳ್ರಿ.


ಟೆಂಪೋ ಕೊನೇ ಸೀಟು:

ಮೇಲಿನವರು ಎರಡು ಸಾಲಿನಲ್ಲಿ ಹೇಳಿದ್ದನ್ನ ಕಲಿಯೋಕೆ ನನಗೆ ಮೂರು ವರ್ಷ ಹಿಡೀತು. ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಕೆಳಗೆ ಹೋಗಿ.

2006ರಿಂದ 2020ರವರೆಗೆ ಒಂದು ರೆಪರ್ಟರಿ (ಕಾಯಂ ನಾಟಕ) ತಂಡದ ಮ್ಯಾನೇಜರ್ ಆಗಿದ್ದೆ. ಹೆಸರು ಬೇಡ. ಅದಾದಮೇಲೆ ಬೆಂಗಳೂರಿನ ಒಂದು ಕಲಾ ಟ್ರಸ್ಟಿನಲ್ಲಿ ಪ್ರೋಗ್ರಾಂ ಕೆಲಸ. ಈಗ ಎರಡು ಕಡೆ ಅತಿಥಿಯಾಗಿ ಇದೇ ವಿಷಯ ಪಾಠ ಮಾಡ್ತೀನಿ. ನನ್ನ ಮೊದಲನೇ ಕ್ಲಾಸು ಯಾವಾಗಲೂ ಒಂದೇ. ಒಂದು ಹಾಳೆ ಹಂಚ್ತೀನಿ. ನಮ್ಮ ತಂಡದ ಹಳೇ ಬಜೆಟ್ಟು, ಒಂದು ಪ್ರದರ್ಶನದ್ದು:

ನಟರು, ಬೆಳಕು, ಸಂಗೀತ ಸೇರಿ 12 ಜನಕ್ಕೆ ತಲಾ 1,500ರಂತೆ 18,000
ಟೆಂಪೋ ಟ್ರಾವೆಲರ್ 9,000
ಸೆಟ್ ಸಾಗಿಸೋ ಗಾಡಿ 6,500
ಲೈಟ್ ಬಾಡಿಗೆ 7,000
ಊಟ, ತಿಂಡಿ 4,200
ಮೇಕಪ್ಪು, ಇಸ್ತ್ರಿ, ಚಿಲ್ಲರೆ 1,300

ಒಟ್ಟು 46,000. ನಾವು ಸಂಘಟಕರ ಹತ್ರ ಕೇಳ್ತಿದ್ದದ್ದು 45,000. ಮಕ್ಕಳು ಕೂಡಿಸಿ, "ಮೇಡಂ, ಒಂದು ಸಾವಿರ ಲಾಸು" ಅಂತ ಕೂಗ್ತಾರೆ. ಭಾಳ ಖುಷಿಯಿಂದ ಕೂಗ್ತಾರೆ, ನನ್ನ ತಪ್ಪು ಹಿಡಿದೆವು ಅಂತ. ಸರಿ, ಇನ್ನೇನು ತಪ್ಪಿದೆ ನೋಡಿ ಅಂತೀನಿ. ಹತ್ತು ನಿಮಿಷ ನೋಡ್ತಾರೆ. ಡೀಸೆಲ್ ಅಂತಾರೆ, ಬ್ಯಾನರ್ ಅಂತಾರೆ. ಈ ಹಾಳೆ ಬರೆದವಳು ಆ ಟೆಂಪೋದ ಕೊನೇ ಸೀಟಲ್ಲಿ ಕೂತಿದ್ದಳು, ಅವಳೆಲ್ಲಿ ಅಂತ ಕೇಳಿದ ಮೇಲೆ ಸುಮ್ಮನಾಗ್ತಾರೆ.

ನಾನೂ ಮೂರು ಸೀಸನ್ ಸುಮ್ಮನಿದ್ದೆ. ಆ ಹಾಳೆಯಲ್ಲಿ ಊಟಕ್ಕೆ ಹಾಕಿದ 4,200 ಇದೆಯಲ್ಲ, ಅದು 12 ಅಲ್ಲ, 13 ಜನದ್ದು. ಊಟಕ್ಕೆ ನಾನಿದ್ದೆ, ಸಂಬಳಕ್ಕೆ ಇರಲಿಲ್ಲ. ಬರೆದದ್ದು ನನ್ನ ಕೈಯೇ. ಯಾರೂ ಬೇಡ ಅಂದಿರಲಿಲ್ಲ, ನನಗೇ ಹೊಳೆದಿರಲಿಲ್ಲ. ಸಂಬಳ ಅಂತ ತಿಂಗಳಿಗೆ 6,000 ಕೊಡ್ತಿದ್ದರು, ಅನುದಾನದಲ್ಲಿ ಉಳಿದರೆ. ಉಳಿಯದ ತಿಂಗಳು ಅಮ್ಮನ ಹತ್ರ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಒಂದು ಪ್ರದರ್ಶನಕ್ಕೆ ನಾನು ಎಷ್ಟು ಹೊತ್ತು ಕೆಲಸ ಮಾಡ್ತೀನಿ ಅಂತ ಬರೆದೆ. ಉತ್ತರ ಕನ್ನಡದ ಒಂದು ಊರಿನ ಶೋ ನೆನಪಿದೆ. ದಿನಾಂಕ ಗೊತ್ತು ಮಾಡೋಕೆ ಹನ್ನೊಂದು ಫೋನು. ಸಭಾಭವನದವರಿಗೆ ಪತ್ರ, ಪೊಲೀಸ್ ಠಾಣೆಗೆ ಪತ್ರ. ಮಧ್ಯಾಹ್ನ ಹೋಗಿ ನೋಡಿದ್ರೆ ಅವರು 'ತ್ರೀ ಫೇಸ್ ಇದೆ' ಅಂದಿದ್ದು ಪಕ್ಕದ ಕಲ್ಯಾಣಮಂಟಪದಲ್ಲಿ. ಅಲ್ಲಿಂದ ವೈರ್ ಎಳೆಸಿದ್ದು. ರಾತ್ರಿ ಹನ್ನೊಂದಕ್ಕೆ ಸಂಘದ ಕಾರ್ಯದರ್ಶಿ ಕವರ್ ಕೊಟ್ಟು, "ಮೇಡಂ, ಸದ್ಯ 30 ಇದೆ, ಉಳಿದದ್ದು ಜಾತ್ರೆ ಆದಮೇಲೆ" ಅಂದರು. ಯಾವ ಜಾತ್ರೆ ಅಂತ ನಾನು ಕೇಳಲಿಲ್ಲ. ನಾಲ್ಕು ತಿಂಗಳು ಫೋನ್ ಮಾಡಿದೆ. ಎಲ್ಲಾ ಸೇರಿ 38 ಗಂಟೆ. ನಾಟಕ ಇದ್ದದ್ದು ಒಂದೂಮುಕ್ಕಾಲು ಗಂಟೆ.

ಮುಂದಿನ ಸೀಸನ್ನಿಗೆ 'ಸಂಯೋಜನೆ ಮತ್ತು ನಿರ್ವಹಣೆ – 5,000' ಅಂತ ಏಳನೇ ಸಾಲು ಸೇರಿಸಿ 52,000 ಕೇಳಿದೆ. ಕೈ ನಡುಗ್ತಿತ್ತು. ಇಬ್ಬರು ಸಂಘಟಕರು ಬೇಡ ಅಂದ್ರು. ಮಿಕ್ಕವರು ಚೌಕಾಸಿ ಮಾಡಿದ್ರು, ಕೊಟ್ರು. ತಂಡದೊಳಗೇ ಗೊಣಗಾಟ ಜಾಸ್ತಿ ಆಯ್ತು. "ಬಣ್ಣ ಹಚ್ಚೋನಿಗೆ 1,500, ಫೋನ್ ಮಾಡೋಳಿಗೆ 5,000?" ಅಂದ ಒಬ್ಬ. ನೋಟ್‌ಬುಕ್ ತೋರಿಸಿದೆ. ಅವನು ಓದಲಿಲ್ಲ, ಆದ್ರೆ ಮತ್ತೆ ಕೇಳಲೂ ಇಲ್ಲ.

ಮೇಷ್ಟ್ರೇ, ನಿಮ್ಮ ಸೀಮೆ ಬಗ್ಗೆ ಒಂದು ಮಾತು. ಮಲೆನಾಡಿನಲ್ಲಿ ಈ ಸಂಸ್ಥೆಗಳನ್ನ ಕಟ್ಟಿದವರಲ್ಲಿ ತುಂಬಾ ಜನ ಅಡಿಕೆ ಬೆಳೆಗಾರರು. ಬೆಳಿಗ್ಗೆ ತೋಟ, ಸಂಜೆ ತಾಲೀಮು. ಅವರು ಸಂಬಳ ಇಲ್ಲದೆ ದುಡಿದದ್ದು ದೊಡ್ಡ ವಿಷಯ, ನನಗೆ ಅವರ ಮೇಲೆ ಗೌರವ ಇದೆ. ಆದ್ರೆ ಅವರ ಬಜೆಟ್ಟಿನ ಏಳನೇ ಸಾಲು ತೋಟದಿಂದ ಬರ್ತಿತ್ತು. ನಿಮ್ಮ 22 ಮಕ್ಕಳಲ್ಲಿ ತೋಟ ಇರೋರು ಎಷ್ಟು ಜನ? ಇಲ್ಲದವರು ಈ ಕೆಲಸಕ್ಕೆ ಬರಬೇಕು ಅಂದ್ರೆ ಆ ಸಾಲನ್ನ ಹಾಳೆ ಮೇಲೆ ಬರೀಲೇಬೇಕು. ಸೇವೆ ಅನ್ನೋ ಪದವನ್ನ ನನ್ನ ಕ್ಲಾಸಿನಲ್ಲಿ ಮೊದಲ ಹತ್ತು ಗಂಟೆ ಯಾರೂ ಬಳಸೋ ಹಾಗಿಲ್ಲ.

ಅನುದಾನ ಕೊಡೋರಿಗೂ ಈ ಸಾಲು ಕಂಡ್ರೆ ಆಗೋದಿಲ್ಲ. ವೇಷಭೂಷಣಕ್ಕೆ ಕೊಡ್ತಾರೆ, ಮಕ್ಕಳ ಶಿಬಿರಕ್ಕೆ ಕೊಡ್ತಾರೆ, ಅದನ್ನ ನಡೆಸೋರಿಗೆ ಮಾತ್ರ ಇಲ್ಲ. ವಿದೇಶಿ ದೇಣಿಗೆ ತಗೊಳ್ಳೋ ಸಂಸ್ಥೆಗಳ ಆಡಳಿತ ವೆಚ್ಚಕ್ಕೆ ಎಫ್‌ಸಿಆರ್‌ಎ ಕಾನೂನಿನಲ್ಲಿ 50 ಪರ್ಸೆಂಟ್ ಮಿತಿ ಇತ್ತು, 2020ರ ತಿದ್ದುಪಡಿಯಲ್ಲಿ 20ಕ್ಕೆ ಇಳಿಸಿದ್ರು. ಅದೇ ತಿದ್ದುಪಡಿಯಲ್ಲಿ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನ ಇನ್ನೊಂದಕ್ಕೆ ದಾಟಿಸೋದೂ ಬಂದ್. ನಮ್ಮಂಥ ಸಣ್ಣ ತಂಡಗಳಿಗೆ ಹಣ ಬರ್ತಿದ್ದದ್ದೇ ದೊಡ್ಡ ಸಂಸ್ಥೆಗಳ ಮೂಲಕ. ಅದು ನಿಂತ ವರ್ಷವೇ ಕೊರೋನಾ, ಒಟ್ಟು 31 ಶೋ ಕ್ಯಾನ್ಸಲ್. ನಾನು ಕೆಲಸ ಬಿಟ್ಟದ್ದೂ ಆಗಲೇ. ಬಿಡುವಾಗ ಸಂಬಳ 24,000 ಇತ್ತು.

ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ಹಣ, ಅದರ ಬಗ್ಗೆಯೂ ಹೇಳಿಕೊಡಿ. ಕಂಪನಿ ಕಾಯ್ದೆ 2013ರ ಏಳನೇ ಶೆಡ್ಯೂಲಿನಲ್ಲಿ ಕಲೆ, ಸಂಸ್ಕೃತಿ, ಪರಂಪರೆಗೂ ಜಾಗ ಇದೆ. ಆದ್ರೆ ಅದೇ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆ, ಕುಡಿಯೋ ನೀರೂ ಇದೆ, ಅಲ್ಲಿ ಎಣಿಸೋದು ಸುಲಭ. ಒಂದು ಕಂಪನಿಯವರ ಫಾರ್ಮಿನಲ್ಲಿ 'ಫಲಾನುಭವಿಗಳ ನಡವಳಿಕೆಯಲ್ಲಿ ಆದ ಬದಲಾವಣೆ' ಅಂತ ಕಾಲಂ ಇತ್ತು. ನಾಟಕ ನೋಡಿದ 420 ಜನರ ನಡವಳಿಕೆ! ನಾನು "ಮೊಬೈಲ್ ರಿಂಗಾಗಿದ್ದು ಕಳೆದ ಸಲ ಒಂಬತ್ತು, ಈ ಸಲ ನಾಲ್ಕು" ಅಂತ ಬರೆದೆ. ತಮಾಷೆಗೆ ಬರೆದದ್ದು, ಅವರು ಒಪ್ಪಿಕೊಂಡರು.

ಇನ್ನು ಕೆಲಸ. ಇದೆ, ಆದ್ರೆ 'ಕಲಾ ನಿರ್ವಾಹಕರು ಬೇಕಾಗಿದ್ದಾರೆ' ಅಂತ ಪೇಪರಿನಲ್ಲಿ ಜಾಹೀರಾತು ಬರೋದಿಲ್ಲ. ಬೆಂಗಳೂರಿನಲ್ಲಿ 1993ರಿಂದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ (ಐಎಫ್‌ಎ) ಇದೆ, ಕಲೆಗೆ ಅನುದಾನ ಕೊಡೋದೇ ಅವರ ಕೆಲಸ. ಅಂಥಲ್ಲಿ ಅರ್ಜಿ ಓದೋರು ಬೇಕು, ಯೋಜನೆ ನೋಡಿಕೊಳ್ಳೋರು ಬೇಕು, ಹಣ ತರೋರು ಬೇಕು. 2004ರಲ್ಲಿ ಶುರುವಾದ ರಂಗಶಂಕರ ಸೋಮವಾರ ಬಿಟ್ಟು ದಿನಾ ನಾಟಕ ಅನ್ನೋ ಲೆಕ್ಕದಲ್ಲಿ ನಡೆಯೋ ಜಾಗ, ಅಷ್ಟು ದಿನ ಬಾಗಿಲು ತೆಗೆದಿಡೋಕೆ ಟಿಕೆಟ್ಟು, ಬುಕಿಂಗು, ತಾಂತ್ರಿಕ, ಮಕ್ಕಳ ಕಾರ್ಯಕ್ರಮ ಅಂತ ಎಷ್ಟು ಕೈ ಬೇಕು ಲೆಕ್ಕ ಹಾಕಿಸಿ. ಜೆಪಿ ನಗರದ ಸಂಗೀತ ಮ್ಯೂಸಿಯಂ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ 'ಮ್ಯಾಪ್' ಕಲಾ ಮ್ಯೂಸಿಯಂ, ಇವಕ್ಕೆಲ್ಲ ಶಾಲಾಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡೋರು ಬೇಕಾಗ್ತಾರೆ. ರಂಗಾಯಣ ಬೇರೆ ಲೋಕ, ಅದು ಸರ್ಕಾರದ ನಾಟಕ ಸಂಸ್ಥೆ, ನೇಮಕಾತಿ ನಿಯಮವೇ ಬೇರೆ. ಎರಡನ್ನೂ ಒಂದೇ ಪಾಠದಲ್ಲಿ ಬೆರೆಸಬೇಡಿ, ಮಕ್ಕಳು ಸರ್ಕಾರಿ ನೌಕರಿ ಅಂದ್ಕೊಂಡು ಕೂತ್ಕೋತಾರೆ.

ಕಲಿಯೋಕೆ ಮುಂದೆ ದಾರಿ ಇದೆ. ಇಂಡಿಯಾ ಥಿಯೇಟರ್ ಫೋರಂ, ಐಎಫ್‌ಎ, ಜುನೂನ್ ಸೇರಿ ನಾಟಕ ತಂಡಗಳಿಗೇ ಅಂತ 'ಸ್ಮಾರ್ಟ್' ಅನ್ನೋ ಕೋರ್ಸ್ ಮಾಡಿದ್ರು. ಒಬ್ಬೊಬ್ಬರು ತಮ್ಮ ತಂಡದ ಮುಂದಿನ ಯೋಜನೆ ಹೊತ್ಕೊಂಡು ಬರಬೇಕು. ನಿಮ್ಮ ಕೋರ್ಸಿಗೂ ಆ ಗುಣ ಇರಲಿ: ಪರೀಕ್ಷೆ ಬದಲು ಒಬ್ಬೊಬ್ಬರು ಒಂದು ನಿಜವಾದ ಕಾರ್ಯಕ್ರಮದ ಲೆಕ್ಕ ಮುಚ್ಚಿ ತರಲಿ. ಗಣಪತಿ ಪೆಂಡಾಲಿನದ್ದಾದ್ರೂ ಸರಿ.

ಆ ಅಪ್ಪನಿಗೆ ನಾನಾಗಿದ್ರೆ ಹೇಳ್ತಿದ್ದೆ: "ಸಿಗ್ತದೆ, ಬ್ಯಾಂಕಿನಷ್ಟು ಸಂಬಳ ಇಲ್ಲ, ಮೊದಲ ಐದು ವರ್ಷ ಕಷ್ಟ."


ಮಾರ್ಚ್ 31:

ಸಿಎ ನಾನು, ಎಂಟು-ಹತ್ತು ಸಾಂಸ್ಕೃತಿಕ ಸಂಘಗಳ ಆಡಿಟ್ ಮಾಡ್ತೀನಿ. ಚಿಕ್ಕದಾಗಿ ಹೇಳ್ತೀನಿ, ಹೆಸರು ನೋಡಿ ಗೊತ್ತಾಗಿರಬೇಕು, ಪುರುಸೊತ್ತಿಲ್ಲ.

12ಎ, 80ಜಿ ಅಂತ ಸೆಕ್ಷನ್ ನಂಬರ್ ಬಾಯಿಪಾಠ ಮಾಡಿಸಬೇಡಿ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ನಂಬರುಗಳೆಲ್ಲ ಬದಲು. ಒಳಗಿನ ತತ್ವ ಹೇಳಿಕೊಡಿ: ಒಂದು ನೋಂದಣಿ ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಇನ್ನೊಂದು ದೇಣಿಗೆ ಕೊಟ್ಟವರಿಗೆ ವಿನಾಯಿತಿ. ಈ ಎರಡನ್ನ ಬೆರೆಸಿಕೊಳ್ಳದ ಕಾರ್ಯದರ್ಶಿಯನ್ನ ನಾನಿನ್ನೂ ನೋಡಿಲ್ಲ.

2,000 ರೂಪಾಯಿಗಿಂತ ಹೆಚ್ಚು ನಗದು ದೇಣಿಗೆ ತಗೊಂಡ್ರೆ ಕೊಟ್ಟವರಿಗೆ ಆ ವಿನಾಯಿತಿ ಸಿಗೋದಿಲ್ಲ. ಚೆಕ್ಕೋ ಯುಪಿಐಯೋ ಅನ್ನಿ. ವೇದಿಕೆ ಮೇಲೆ ಐದು ಸಾವಿರದ ನೋಟಿನ ಹಾರ ಹಾಕಿದವರು ಜೂನಿನಲ್ಲಿ ಬಂದು ಜಗಳ ಆಡ್ತಾರೆ.

ನಾಟಕದ ಟಿಕೆಟ್ ತಲೆಗೆ 500 ರೂಪಾಯಿವರೆಗೆ ಇದ್ರೆ ಜಿಎಸ್‌ಟಿ ಇಲ್ಲ. 5,000 ದಾಟಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಸಹಿ ಅದರ ಮೇಲೆ ಹಾಯಬೇಕು. ನಿಮ್ಮ ಮಕ್ಕಳ ಕೈಲಿ ಒಂದ್ಸಲ ಅಂಟಿಸಿಯೇ ನೋಡಿ. ಅರ್ಧ ಜನ ಪಕ್ಕದಲ್ಲಿ ಸಹಿ ಮಾಡ್ತಾರೆ.

ಮೇಡಂ ಹೇಳಿದ ಏಳನೇ ಸಾಲಿಗೆ ನನ್ನ ಪೂರ್ತಿ ಬೆಂಬಲ. ಆದ್ರೆ ಅದನ್ನ 'ಇತರೆ ಖರ್ಚು' ಅಂತ ಬರೀಬೇಡಿ. ತುಂಬಾ ಕಡೆ ಹಾಗೇ ಮುಚ್ಚಿಡ್ತಾರೆ. ಆಡಿಟರಿಗೆ ಮೊದಲು ಕಣ್ಣಿಗೆ ಬೀಳೋದೇ 'ಇತರೆ'.


ಪ್ರೋಗ್ರಾಂ ಅಸಿಸ್ಟೆಂಟ್:

ನಾನು ಹಾಸನದ ಕಡೆ ಹಳ್ಳಿಯವಳು, ಬಿಕಾಂ. ಬೆಂಗಳೂರಿನ ಒಂದು ಕಲಾಸಂಸ್ಥೆಯಲ್ಲಿ ಎರಡು ವರ್ಷದಿಂದ ಇದೀನಿ. 11 ತಿಂಗಳ ಕಾಂಟ್ರ್ಯಾಕ್ಟು, ಎರಡನೇ ಸಲ ಮುಂದುವರಿಸಿದಾರೆ. ಸರ್ ಕೇಳಿದ 'ನಿಜವಾದ ಕೆಲಸ' ಏನು ಅನ್ನೋದಕ್ಕೆ ನನ್ನ ಇಂಟರ್‌ವ್ಯೂ ಹೇಳ್ತೀನಿ.

ಒಬ್ಬರು ತೊಗಲುಗೊಂಬೆ ಕಲಾವಿದರ ಜೊತೆ ಕನ್ನಡದಲ್ಲಿ ನಡೆದ ಮಾತುಕತೆಯ ನಾಲ್ಕು ಪುಟ ಕೊಟ್ರು. ಒಂದು ಗಂಟೆಯಲ್ಲಿ ಅರ್ಧ ಪುಟ ಇಂಗ್ಲಿಷ್ ವರದಿ ಮಾಡಿ, ಅನುದಾನ ಕೊಟ್ಟವರು ಓದೋದು ಅಂದ್ರು. ಆ ತಾತ ಎರಡು ಪುಟ ಪೂರ್ತಿ ಮಗ ಗೊಂಬೆ ಬಿಟ್ಟು ಡ್ರೈವರ್ ಆಗಿದ್ದನ್ನೇ ಹೇಳಿದ್ರು. ಬೇರೆಯವರೆಲ್ಲ ಅದನ್ನ ಬಿಟ್ಟು ಚರ್ಮ ಹದ ಮಾಡೋದರ ಬಗ್ಗೆ ಬರೆದ್ರಂತೆ. ನಾನು ಮಗನ ವಿಷಯವೇ ಮೊದಲು ಬರೆದೆ. ಕೆಲಸ ಸಿಕ್ತು.

ನನ್ನ ಇಂಗ್ಲಿಷ್ ಈಗಲೂ ಸಾಧಾರಣ. ಆದ್ರೆ ಕಲಾವಿದರಿಗೆ ಫೋನ್ ಮಾಡಿ ಅವರ ಕನ್ನಡದಲ್ಲಿ ಮಾತಾಡೋಕೆ, ಬ್ಯಾಂಕ್ ಪಾಸ್‌ಬುಕ್ ಫೋಟೋ ತರಿಸೋಕೆ, ಆಮೇಲೆ ಅದನ್ನ ಎಕ್ಸೆಲ್ಲಿಗೆ ಹಾಕೋಕೆ ಆಫೀಸಿನಲ್ಲಿ ಎಲ್ಲರೂ ನನ್ನನ್ನೇ ಹುಡುಕ್ತಾರೆ. ಸರ್, ಎಕ್ಸೆಲ್ ಕಲಿಸಿ. ಜೊತೆಗೆ ವರದಿ ಬರೆಯೋದು, ಎರಡೂ ಭಾಷೆಯಲ್ಲಿ.


ಲೆಡ್ಜರ್ ಮೇಷ್ಟ್ರು:

ಎಲ್ಲರಿಗೂ ಉಪಕಾರವಾಯ್ತು. ಶನಿವಾರ ಮೊದಲನೇ ಕ್ಲಾಸು ಆಯ್ತು, ಅದಕ್ಕೇ ಬರೀತಿದೀನಿ.

ಟೆಂಪೋ ಮೇಡಂ ಹೇಳಿದ ಹಾಗೆ ನಮ್ಮ ತಂಡದ್ದೇ ಬಜೆಟ್ ಹಂಚಿದೆ. ಏನು ಬಿಟ್ಟುಹೋಗಿದೆ ಅಂತ ಕೇಳಿದೆ. ಹತ್ತು ನಿಮಿಷ ಬೇಕಾಗಲಿಲ್ಲ. ಯಕ್ಷಗಾನದ ಮನೆಯ ಹುಡುಗ ಒಬ್ಬ, ಕೊನೇ ಬೆಂಚು, ಕೈ ಎತ್ತಿದ. "ಸರ್, ಮ್ಯಾನೇಜರ್ ಯಾರು?" ಅಂದ. ಯಾಕೋ ಅಂದೆ. "ಮೇಳ ಹೊರಟರೆ ಮ್ಯಾನೇಜರ್ ಇರ್ತಾರಲ್ಲ ಸರ್. ವೀಳ್ಯ, ಅಂದ್ರೆ ಆಟದ ಹಣ, ಮಾತಾಡೋದು, ಆಟ ಹಿಡಿಯೋದು, ವೇಷ ಕಟ್ಟೋ ಚೌಕಿಗೆ ಜಾಗ ನೋಡೋದು. ಕಟೀಲು, ಮಂದಾರ್ತಿ ಕಡೆ ಹರಕೆ ಆಟ ವರ್ಷಗಟ್ಟಲೆ ಮುಂಚೆ ಬುಕ್ಕಾಗಿರ್ತದೆ, ಅದನ್ನ ಯಾರಾದ್ರೂ ಬರೆದಿಡಬೇಕಲ್ಲ? ನಮ್ಮ ದೊಡ್ಡಪ್ಪ ಅದೇ ಕೆಲಸ. ಮೇಳದ ತಿರುಗಾಟ ಮುಗಿಯೋ ಪತ್ತನಾಜೆವರೆಗೆ ಮನೇಗೇ ಬರಲ್ಲ."

ದೊಡ್ಡಪ್ಪನನ್ನ ಮೂರನೇ ಕ್ಲಾಸಿಗೆ ಕರೆದಿದೀನಿ. ಮೇಳ ಹೊರಡೋ ಮೊದಲು ಒಂದು ಶನಿವಾರ ಬರ್ತಾರಂತೆ. ಪ್ರಿನ್ಸಿಪಾಲರ ಹತ್ರ ಅವರ ಗೌರವಧನ ಕೇಳಿದ್ದಕ್ಕೆ, "ಶಾಲು ಹಾಕೋಣ ಬಿಡಿ" ಅಂದ್ರು. ಶಾಲು ಬೇಡ ಸರ್, ಅಂತ ವಾದ ನಡೀತಾ ಇದೆ.

ಇನ್ನೊಂದು. ಭಾನುವಾರ ನಮ್ಮ ತಂಡದ ಮೀಟಿಂಗ್ ಇತ್ತು. ಈ ವರ್ಷದ ಬಜೆಟ್ಟಿನಲ್ಲಿ ಕೊನೇ ಸಾಲಾಗಿ 'ಲೆಕ್ಕಪತ್ರ ನಿರ್ವಹಣೆ – ತಿಂಗಳಿಗೆ 1,500' ಅಂತ ಬರೆದು ಹೋಗಿದ್ದೆ. 'ಇತರೆ'ಯಲ್ಲಿ ಅಲ್ಲ, ಸಿಎ ಸಾಹೇಬ್ರೇ. ಅಧ್ಯಕ್ಷರು ಕನ್ನಡಕ ಮೇಲೆ ಮಾಡಿ ಓದಿ, "ಇದು ಯಾರಿಗೆ?" ಅಂದ್ರು. "ನಂಗೆ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಹಿರಿಯ ನಟರು, ಅಂದು ನಾನು ಈಟಿ ಬೀಳಿಸಿದಾಗ ದುರ್ಯೋಧನ ಆಗಿದ್ದವರು, "ಒಂಬತ್ತು ವರ್ಷದ್ದು ಬಾಕಿ ಕೇಳಲಿಲ್ಲವಲ್ಲ, ಪುಣ್ಯ" ಅಂದ್ರು. ಎಲ್ಲರೂ ನಕ್ಕರು. ಪಾಸಾಯ್ತೋ ಇಲ್ಲವೋ ಗೊತ್ತಿಲ್ಲ. ನಡಾವಳಿ ಪುಸ್ತಕ ಬರೆಯೋದೂ ನಾನೇ. ಅದನ್ನಿನ್ನೂ ಬರೆದಿಲ್ಲ.